ಸಮಾಲೋಚನೆಯೂ ಸಹಮತಿಯೂ

ಇಂಗ್ಲಿಷಿನಲ್ಲಿ ‘ಕನ್ಸಲ್ಟೇಷನ್’, ‘ಕನ್‌ಕರೆನ್ಸ್’ ಎಂಬ ಎರಡು ಪದಗಳಿವೆ. ಲ್ಯಾಟಿನ್ ಮೂಲದ ಇವು ನೋಟಕ್ಕೆ ಒಡಹುಟ್ಟಿದವರಂತೆ ತೋರುತ್ತವೆ. ಮೊದಲನೆಯದು ಸಮಾಲೋಚನೆ, ಎಂದರೆ ಒಬ್ಬರ ಅಭಿಪ್ರಾಯವನ್ನು ಕೇಳಿ ತೂಗಿನೋಡುವುದು. ಎರಡನೆಯದರ ಧಾತುವಿಗೆ ‘ಕೂಡಿ ಓಡು’ ಎಂಬ ಅರ್ಥವಿದೆ. ಆದುದರಿಂದ ಅದು ಸಹಮತಿ. ವೈದ್ಯರೊಡನೆ ಸಮಾಲೋಚಿಸಿದ ರೋಗಿಯು ಅವರು ಹೇಳಿದ ಔಷಧವನ್ನು ಕುಡಿಯಲೇಬೇಕೆಂದಿಲ್ಲ. ಸಹಮತಿ ಬೇಕಾದೆಡೆಯಲ್ಲಾದರೋ, ಒಬ್ಬರು ತಲೆದೂಗದಿದ್ದರೆ ಕೆಲಸವೇ ನಿಲ್ಲುತ್ತದೆ.

ನಿಘಂಟಿನಲ್ಲಿ ಇಷ್ಟು ನಿಚ್ಚಳವಾಗಿರುವ ಈ ಭೇದವು ನಮ್ಮ ದೇಶದಲ್ಲಿ ದಶಕಗಳ ವ್ಯಾಜ್ಯಕ್ಕೆ ಕಾರಣವಾಯಿತು. ಸರ್ವೋಚ್ಚ ನ್ಯಾಯಾಲಯಕ್ಕೆ ನ್ಯಾಯಾಧೀಶರನ್ನು ನೇಮಿಸುವಾಗ ರಾಷ್ಟ್ರಪತಿಗಳು ಮುಖ್ಯ ನ್ಯಾಯಾಧೀಶರೊಡನೆ ಸಮಾಲೋಚಿಸಬೇಕೆಂದು ಸಂವಿಧಾನದ 124ನೆಯ ವಿಧಿಯಲ್ಲಿ ಬರೆಯಲಾಗಿತ್ತು. ಅವರ ಸಹಮತಿಯೇ ಬೇಕೆಂಬ ಸಲಹೆ 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬಂದಿತು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಮುಖ್ಯ ನ್ಯಾಯಾಧೀಶರೂ ಎಲ್ಲರಂತೆ ರಾಗದ್ವೇಷಗಳುಳ್ಳ ಮನುಷ್ಯರೇ. ಅವರೊಬ್ಬರ ಕೈಗೆ ತಡೆಯುವ ಅಧಿಕಾರವನ್ನು ಕೊಡುವುದು ಅಪಾಯಕರವೆಂಬುದು ಅವರ ವಾದ. ಪದದ ತೂಕವನ್ನರಿಯದೆ ಬರೆದರೆಂದು ಹೇಳುವಂತಿಲ್ಲ. 370ನೆಯ ವಿಧಿಯ ಮೂಲಪಾಠದಲ್ಲಿ ಒಂದೆಡೆ ಸಮಾಲೋಚನೆಯನ್ನೂ ಮತ್ತೊಂದೆಡೆ ಸಹಮತಿಯನ್ನೂ ಬೇರೆಬೇರೆಯಾಗಿಯೇ ಬಳಸಿದ್ದರು.

ಆದರೆ ‘ಕೇಳಿದರಾಯಿತು’ ಎಂಬ ಸಡಿಲಿಕೆಯ ಅಪಾಯವೂ ಕ್ರಮೇಣ ಕಾಣಿಸಿಕೊಂಡಿತು. 1973ರಲ್ಲಿ ಕೇಂದ್ರ ಸರ್ಕಾರವು ಮೂವರು ಹಿರಿಯರನ್ನು ಬದಿಗಿಟ್ಟು ಅವರಿಗಿಂತ ಕಿರಿಯರಾದವರನ್ನು ಮುಖ್ಯ ನ್ಯಾಯಾಧೀಶರನ್ನಾಗಿಸಿತು. ಹಾಗೆ ಬದಿಗೆ ಸರಿಸಲ್ಪಟ್ಟವರಲ್ಲಿ ಕರ್ನಾಟಕದ ಕೆ. ಎಸ್. ಹೆಗ್ಡೆಯವರೂ ಒಬ್ಬರು, ಮೂವರೂ ರಾಜೀನಾಮೆಯಿತ್ತರು. ನ್ಯಾಯಾಲಯದ ಸ್ವಾತಂತ್ರ್ಯದ ಬಗೆಗೆ ಕಳವಳ ಹುಟ್ಟಿದುದು ಸಹಜವೇ.

1981ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿಯ ಪೀಠವು ಬಹುಮತದಿಂದ, ಸಮಾಲೋಚನೆಯೆಂದರೆ ಸಹಮತಿಯಲ್ಲವೆಂದಿತು. 1993ರಲ್ಲಿ ಒಂಬತ್ತು ಮಂದಿಯ ಪೀಠದ ಬಹುಮತವು ಆ ತೀರ್ಪನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಾಧೀಶರು ಹಿರಿಯ ಸಹೋದ್ಯೋಗಿಗಳೊಡನೆ ಕೂಡಿ ತಳೆದ ಅಭಿಪ್ರಾಯಕ್ಕೆ ಅನುಗುಣವಾಗಿಯೇ ನೇಮಕ ನಡೆಯಬೇಕೆಂದು ವಿಧಿಸಿತು. ವಿಧಿಯಲ್ಲಿದ್ದ ಅಕ್ಷರ ಒಂದೂ ಬದಲಾಗಿರಲಿಲ್ಲ!

ನಮ್ಮ ‘ಕೇಳು’ ಧಾತುವಿನಲ್ಲಿಯೂ ಇಂತಹುದೇ ಒಂದು ಸೋಜಿಗವಿದೆ. ‘ತಂದೆಯನ್ನು ಕೇಳಿ ಹೊರಟೆ’ ಎಂದರೆ ವಿಚಾರಿಸಿ ಹೊರಟೆನೆಂದಾಗುತ್ತದೆ. ‘ತಂದೆಯ ಮಾತು ಕೇಳಿ ಹೊರಟೆ’ ಎಂದರೆ ಅವರು ಹೇಳಿದುದಕ್ಕೆ ಮಣಿದು ಹೊರಟೆನೆಂದು. ಮೊದಲನೆಯ ಬಗೆಯ ಕೇಳುವಿಕೆಯನ್ನು ನ್ಯಾಯಾಲಯವು ಎರಡನೆಯ ಬಗೆಯದನ್ನಾಗಿ ಓದಿತೆನ್ನಬಹುದು. ಅದರ ಉದ್ದೇಶ ಒಳ್ಳೆಯದೇ ಇದ್ದಿತು. ಆದರೂ ಪದಕ್ಕೆ ಅದು ಹೊರಲಾರದ ಭಾರವನ್ನು ಹೊರಿಸಿತೆಂದೇ ನನ್ನ ಎಣಿಕೆ.

2014ರಲ್ಲಿ ಸಂಸತ್ತು 99ನೆಯ ತಿದ್ದುಪಡಿಯ ಮೂಲಕ ನೇಮಕದ ಕೆಲಸವನ್ನು ಹೊಸದೊಂದು ಆಯೋಗಕ್ಕೆ ವಹಿಸಿತು. 2015ರ ಅಕ್ಟೋಬರಿನಲ್ಲಿ ನ್ಯಾಯಾಲಯವು ಆ ತಿದ್ದುಪಡಿಯನ್ನು ರದ್ದುಗೊಳಿಸಿತು. ಸಮಾಲೋಚನೆ ಎಂಬ ಪದವು 1993ರಲ್ಲಿ ಪಡೆದ ಅರ್ಥದೊಡನೆಯೇ ಮತ್ತೆ ತನ್ನ ಸ್ಥಾನಕ್ಕೆ ಬಂದಿತು.