ಬೀದರ: ನೆಲ, ನೀರು ಮತ್ತು ನುಡಿ

ಹಿಮಾಯತ್‌ನಗರದಿಂದ ವಾಯವ್ಯಕ್ಕೆ ಸುಮಾರು 140 ಕಿಲೋಮೀಟರು ಹೋದರೆ ಬೀದರ ನಗರವು ಸಿಕ್ಕುತ್ತದೆ. ಮಹಾರಾಷ್ಟ್ರದ ಬಾಲಾಘಾಟ ಬೆಟ್ಟಸಾಲಿನಲ್ಲಿ ಹುಟ್ಟಿದ ಮಾಂಜರಾ ನದಿಯು ಈ ಜಿಲ್ಲೆಯನ್ನು ಹಾದು ತೆಲಂಗಾಣಕ್ಕೆ ಬರುತ್ತದೆ. ಸಿಂಗೂರಿನ ಬಳಿ ಅದಕ್ಕೆ ಕಟ್ಟಿದ ಜಲಾಶಯದಿಂದ ನಮ್ಮ ಹೈದರಾಬಾದಿಗೂ ಕುಡಿಯುವ ನೀರು ಬರುತ್ತದೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಬೀದರವು 600 ಮೀಟರಿಗೂ ಎತ್ತರವಾದ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಇಲ್ಲಿ ಮೇಲ್ಪದರವು ಕೆಂಪು ಜಂಬಿಟ್ಟಿಗೆ, ಅದರ ಅಡಿಯಲ್ಲಿ ಗಟ್ಟಿಯಾದ ಕರಿಕಲ್ಲು. ಜಂಬಿಟ್ಟಿಗೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಮಳೆಯ ನೀರು ಸುಲಭವಾಗಿ ಇಂಗುತ್ತದೆ. ಕರಿಕಲ್ಲು ತಡೆದಲ್ಲಿ ಒರತೆಯಾಗಿ ಹೊರಬೀಳುತ್ತದೆ. ನಾನಕ ಝೀರಾ ಅಂತಹ ಒಂದು ಒರತೆ. ಈ ಗುಣವನ್ನರಿತೇ ಬಹಮನಿ ಸುಲ್ತಾನರ ಕಾಲದಲ್ಲಿ ನೆಲದಡಿ ಕಾಲುವೆಗಳನ್ನು ಕೊರೆದು ಊರಿಗೆ ನೀರು ತಂದರು. ಪರ್ಷಿಯಾ ದೇಶದ ಈ ವಿದ್ಯೆಗೆ ‘ಕರೇಜ್’ ಎಂದು ಹೆಸರು. ಜನರು ಸುರಂಗಬಾವಿ ಎನ್ನುತ್ತಾರೆ. ಕೋಟೆಯ ಮೂರು ಸಾಲಿನ ಕಂದಕವನ್ನೂ ಇದೇ ಕಲ್ಲಿನಲ್ಲಿ ಕಡಿದಿದ್ದಾರೆ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿದ ಬಿದರಿ ಪಾತ್ರೆಗಳಿಗೆ ಕಪ್ಪು ಬಣ್ಣವೇರುವುದು ಕೋಟೆಯ ಹಳೆಯ ಮಣ್ಣಿನಿಂದ.

15ನೆಯ ಶತಮಾನದಲ್ಲಿ ಅಹಮದ್ ಷಾ ಸುಲ್ತಾನನು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಪರ್ಷಿಯಾದ ಗೀಲಾನಿನಿಂದ ಬಂದು ಮಂತ್ರಿಪದವಿಗೇರಿದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸೆಯಲ್ಲಿ ದೊಡ್ಡ ಗ್ರಂಥಾಲಯವಿತ್ತು. ಆತನ ವೈರಿಗಳು ಸುಳ್ಳು ಪತ್ರವೊಂದನ್ನು ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರು. ವಿಚಾರಣೆಯೇ ಇಲ್ಲದೆ 1481ರಲ್ಲಿ ಆ ವೃದ್ಧನ ಶಿರಚ್ಛೇದವಾಯಿತು. ಬಹಮನಿ ರಾಜ್ಯವು ಒಡೆದು ಐದಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಮದರಸೆಯ ಒಂದು ಭಾಗವು ಔರಂಗಜೇಬನ ಕಾಲದಲ್ಲಿ ಅಲ್ಲಿಟ್ಟಿದ್ದ ಮದ್ದು ಸಿಡಿದು ನೆಲಸಮವಾಯಿತು. ಗ್ರಂಥಗಳಿದ್ದೆಡೆ ಮದ್ದನ್ನು ತುಂಬಿದವರಿಗೆ ಏನೆನ್ನೋಣ! ಉಳಿದ ಗೋಪುರದ ಮೇಲೆ ಬಣ್ಣದ ಹೆಂಚುಗಳನ್ನು ಈಗಲೂ ಕಾಣಬಹುದು.

ಮುಂದೆ ಬರೀದ ಷಾಹಿಗಳು, ಬಿಜಾಪುರದವರು, ಮೊಗಲರು ಆಳಿ, ಕಡೆಗೆ ಸೀಮೆಯು ನಿಜಾಮರದಾಯಿತು. ಜಿಲ್ಲೆಯಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಮನೆಮಾತುಗಳು. ಪಾಠಶಾಲೆಯ ಭಾಷೆ ಮಾತ್ರ ಉರ್ದು. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು.

1956ರ ನವೆಂಬರ್ 1ರಂದು ಹಳೆಯ ಜಿಲ್ಲೆಯು ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದು ಮತ್ತು ನಾರಾಯಣಖೇಡ ಆಂಧ್ರಪ್ರದೇಶಕ್ಕೆ ಹೋದವು. ಬೀದರ, ಭಾಲ್ಕಿ, ಹುಮನಾಬಾದ, ಔರಾದ ಮೈಸೂರು ರಾಜ್ಯಕ್ಕೆ ಬಂದವು. ಪಟ್ಟದೇವರ ಶಾಲೆಯ ಪಾಠವು ಮುಂದೆ ಸರಕಾರದ ಭಾಷೆಯೂ ಆಯಿತು.