ಲೀಟರಿನ ಲೆಕ್ಕ

ಹೊಸ ಕಾರೊಂದು ಮನೆಯ ಮುಂದೆ ಬಂದು ನಿಂತರೆ ನೆರೆಹೊರೆಯವರು ಮೊದಲು ಅದರ ಬಣ್ಣವನ್ನು ಹೊಗಳುತ್ತಾರೆ; ಎರಡನೆಯ ಮಾತಿಗೇ, “ಎಷ್ಟು ಕೊಡುತ್ತದೆ?” ಎಂದು ಕೇಳುತ್ತಾರೆ. ಹಸುವನ್ನು ಕೊಳ್ಳುವವರೂ ಇದೇ ಪ್ರಶ್ನೆಯನ್ನು ಕೇಳುವುದುಂಟು. ಹಸುವಿನ ವಿಷಯದಲ್ಲಿ ಅದು ಹಾಲಿನ ಮಾತು. ಕಾರಿನ ವಿಷಯದಲ್ಲಿ, ಒಂದು ಲೀಟರ್ ಪೆಟ್ರೋಲಿಗೆ ಅದು ಕ್ರಮಿಸುವ ದೂರದ ಮಾತು. ನಮ್ಮಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂದು ಅರವತ್ತು ವರ್ಷಗಳೇ ಸಂದಿದ್ದರೂ ಜನರು ಇದನ್ನು ‘ಮೈಲೇಜು’ ಎಂದೇ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಮಾರಾಟಗಾರನು ಕೊಟ್ಟ ಹಾಳೆಯಲ್ಲಿ ಲೀಟರಿಗೆ 24 ಕಿಲೋಮೀಟರ್ ಎಂದು ಅಚ್ಚಾಗಿದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 12,000 ಕಿಲೋಮೀಟರ್ ಓಡಾಡುವ ಕುಟುಂಬವು ಇದನ್ನು ನಂಬಿ 500 ಲೀಟರ್ ಪೆಟ್ರೋಲಿಗೆ ಹಣವನ್ನು ಹೊಂದಿಸಿಕೊಳ್ಳುತ್ತದೆ. ರಸ್ತೆಯ ಮೇಲೆ ಅದೇ ಕಾರು 16 ಕಿಲೋಮೀಟರ್ ಮಾತ್ರ ಕೊಟ್ಟರೆ ಬೇಕಾಗುವುದು 750 ಲೀಟರ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 25,000 ರೂಪಾಯಿಗಳ ಅಂತರ. ಸಾಲ ಮಾಡಿ ಕಾರು ಕೊಂಡ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ. ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟ ಹಣವೇ ಅದಾಗಿರಬಹುದು. ಹಾಗಾದರೆ ಆ ಹಾಳೆಯ ಅಂಕಿ ಸುಳ್ಳೇ? ಸುಳ್ಳಲ್ಲ. ಆದರೆ ಅದು ಯಾವ ಪ್ರಶ್ನೆಗೆ ಬಂದ ಉತ್ತರವೆಂಬುದನ್ನು ತಿಳಿಯಬೇಕು.

ಪುಣೆಯಲ್ಲಿ 1966ರಲ್ಲಿ ಸ್ಥಾಪಿತವಾದ ಭಾರತೀಯ ಮೋಟಾರು ವಾಹನ ಸಂಶೋಧನಾ ಸಂಘವು ಇಂತಹ ಅಂಕಿಗಳನ್ನು ಪ್ರಮಾಣೀಕರಿಸುವ ಹೆಸರಾಂತ ಸಂಸ್ಥೆ. ಅಲ್ಲಿ ಕಾರು ರಸ್ತೆಗೆ ಇಳಿಯುವುದೇ ಇಲ್ಲ. ಕೋಣೆಯೊಳಗೆ ನೆಲದಲ್ಲಿ ಹುದುಗಿಸಿದ ಉಕ್ಕಿನ ಉರುಳೆಗಳ ಮೇಲೆ ಅದರ ಚಕ್ರಗಳು ತಿರುಗುತ್ತವೆ. ಕಾರು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಯಾವ ಕ್ಷಣದಲ್ಲಿ ಎಷ್ಟು ವೇಗ, ಎಲ್ಲಿ ನಿಲುಗಡೆ ಎಂಬುದೆಲ್ಲ ಮೊದಲೇ ಗೊತ್ತುಪಡಿಸಿದ್ದು. ನಮ್ಮ ದೇಶದಲ್ಲಿ ಬಹುಕಾಲ ರೂಢಿಯಲ್ಲಿದ್ದ ಈ ಕ್ರಮದಲ್ಲಿ ಇಡೀ ಓಟ ಸುಮಾರು ಇಪ್ಪತ್ತು ನಿಮಿಷಗಳದು. ವೇಗವು ಗಂಟೆಗೆ 90 ಕಿಲೋಮೀಟರನ್ನು ಮೀರುವುದಿಲ್ಲ. ಹವಾನಿಯಂತ್ರಕ ಚಾಲೂ ಇರುವುದಿಲ್ಲ. ಪೆಟ್ರೋಲನ್ನು ಅಳೆಯುವ ರೀತಿಯಂತೂ ಸ್ವಾರಸ್ಯವಾದುದು. ಟ್ಯಾಂಕಿನತ್ತ ಯಾರೂ ನೋಡುವುದಿಲ್ಲ. ಹಿಂದಿನ ಕೊಳವೆಯಿಂದ ಬರುವ ಹೊಗೆಯನ್ನು ಹಿಡಿದು, ಅದರಲ್ಲಿರುವ ಇಂಗಾಲವನ್ನು ಎಣಿಸಿ, ಅಷ್ಟು ಇಂಗಾಲ ಹೊರಬರಬೇಕಾದರೆ ಎಷ್ಟು ಪೆಟ್ರೋಲ್ ಉರಿದಿರಬೇಕೆಂದು ಗಣಿಸುತ್ತಾರೆ. ಒಲೆಯ ಬೂದಿಯನ್ನು ನೋಡಿ ಸೌದೆಯ ಲೆಕ್ಕ ಹೇಳಿದಂತೆ!

ಎಲ್ಲ ಕಾರುಗಳಿಗೂ ಒಂದೇ ಅಳತೆಗೋಲು ಇರಬೇಕಾದರೆ ಇಂತಹ ಪರೀಕ್ಷೆ ಅನಿವಾರ್ಯ. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಅದು ಉಪಯುಕ್ತವೂ ಹೌದು. ಆದರೆ ಪ್ರಶ್ನಪತ್ರಿಕೆ ಮೊದಲೇ ಕೈಗೆ ಬಂದ ಪರೀಕ್ಷೆಯಲ್ಲಿ ಅಂಕಗಳು ಹೇಗೆ ಬರುತ್ತವೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಯುರೋಪಿನಲ್ಲಿ ಆದದ್ದೂ ಅದೇ. ಅಂತರರಾಷ್ಟ್ರೀಯ ಸ್ವಚ್ಛ ಸಾರಿಗೆ ಮಂಡಳಿಯು ಅಲ್ಲಿನ ಸಹಸ್ರಾರು ಕಾರುಗಳ ನಿಜವಾದ ಬಳಕೆಯನ್ನು ಅಧಿಕೃತ ಅಂಕಿಯೊಡನೆ ಹೋಲಿಸಿ ನೋಡಿತು. 2001ರಲ್ಲಿ ನೂರಕ್ಕೆ ಸುಮಾರು 9ರಷ್ಟಿದ್ದ ಹೆಚ್ಚುವರಿ ಬಳಕೆ 2015ರ ವೇಳೆಗೆ ನೂರಕ್ಕೆ 40ನ್ನು ದಾಟಿತ್ತು. ರಸ್ತೆಗಳು ಅಷ್ಟೊಂದು ಕೆಡಲಿಲ್ಲ. ಕಾರುಗಳು ಪರೀಕ್ಷೆಗೆ ತಕ್ಕಂತೆ ಪಳಗಿದವು. ಕೊನೆಗೆ 2017ರಿಂದ ಅಲ್ಲಿ ಹೆಚ್ಚು ಕಠಿಣವಾದ ಹೊಸ ಪರೀಕ್ಷಾಕ್ರಮವನ್ನು ಜಾರಿಗೆ ತರಬೇಕಾಯಿತು. ಅಮೆರಿಕದವರು ಇದಕ್ಕೆ ಬಹಳ ಹಿಂದೆಯೇ ಒಂದು ನೇರ ಉಪಾಯವನ್ನು ಕಂಡುಕೊಂಡಿದ್ದರು. 1985ರ ಮಾದರಿಯ ಕಾರುಗಳಿಂದ ಮೊದಲುಗೊಂಡು, ಪ್ರಯೋಗಾಲಯದ ಅಂಕಿಯಲ್ಲಿ ನಗರದ ಓಟಕ್ಕೆ ನೂರಕ್ಕೆ 10, ಹೆದ್ದಾರಿಯ ಓಟಕ್ಕೆ ನೂರಕ್ಕೆ 22 ಕಳೆದು, ಉಳಿದುದನ್ನೇ ಕಾರಿನ ಮೇಲೆ ಅಂಟಿಸುವಂತೆ ಮಾಡಿದರು. ಕಳೆದು ಹೇಳುವ ಈ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಗಿದೆ.

ಇನ್ನು ರಸ್ತೆಯ ಮೇಲೆ ಪೆಟ್ರೋಲ್ ಎಲ್ಲಿ ಹೋಗುತ್ತದೆಂಬುದನ್ನು ನೋಡೋಣ. ಅದು ಉರಿದಾಗ ಹುಟ್ಟುವ ಶಾಖದಲ್ಲಿ ಮೂರನೆಯ ಎರಡು ಭಾಗಕ್ಕಿಂತಲೂ ಹೆಚ್ಚು ಹೊಗೆಯ ಜೊತೆಯಲ್ಲಿಯೂ ಎಂಜಿನ್ನನ್ನು ತಣಿಸುವ ನೀರಿನ ಮೂಲಕವೂ ಗಾಳಿಗೆ ಸೇರಿಹೋಗುತ್ತದೆ. ಚಲನೆಗೆ ಒದಗುವುದು ನಾಲ್ಕನೆಯ ಒಂದು ಭಾಗವೆಂದರೆ ಹೆಚ್ಚು ತಪ್ಪಾಗಲಾರದು. ಆ ಕಾಲು ಭಾಗವನ್ನಾದರೂ ನಾವು ಜೋಪಾನವಾಗಿ ಬಳಸುತ್ತೇವೆಯೇ? ಒಂದು ಟನ್ ತೂಕದ ಕಾರು ಗಂಟೆಗೆ 50 ಕಿಲೋಮೀಟರ್ ವೇಗವನ್ನು ಪಡೆಯಲು ಬೇಕಾಗುವ ಚಲನಶಕ್ತಿಯನ್ನು ನೀವು ವಿಜ್ಞಾನದ ತರಗತಿಯಲ್ಲಿ ಕಲಿತ ಸೂತ್ರದಿಂದಲೇ ಕಂಡುಹಿಡಿಯಬಹುದು. ಅದು ಸುಮಾರು 96,000 ಜೂಲ್. ಎಂಜಿನ್ನಿನ ನಷ್ಟವನ್ನೂ ಸೇರಿಸಿದರೆ, ಇಷ್ಟಕ್ಕೆ ಸುಮಾರು 12 ಮಿಲಿಲೀಟರ್ ಪೆಟ್ರೋಲ್ ಬೇಕು. ಅಂದರೆ ಎರಡು ಚಹಾ ಚಮಚೆಗಿಂತ ತುಸು ಹೆಚ್ಚು. ಮುಂದೆ ಕೆಂಪು ದೀಪ ಹೊತ್ತಿತು, ಬ್ರೇಕನ್ನು ತುಳಿದಿರಿ, ಕಾರು ನಿಂತಿತು. ಆ ಶಕ್ತಿಯೆಲ್ಲ ಬ್ರೇಕಿನ ಬಿಲ್ಲೆಗಳನ್ನು ಬಿಸಿಮಾಡಿ ಕಣ್ಮರೆಯಾಯಿತು. ಹೀಗೆ ಎಂಬತ್ತು ಬಾರಿ ವೇಗ ಪಡೆದು ನಿಂತರೆ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲನ್ನು ಬ್ರೇಕಿಗೆ ಉಣಿಸಿದಂತಾಯಿತು. ಬೆಂಗಳೂರಿನ ಸಂಜೆಯ ಸಂದಣಿಯಲ್ಲಿ ಕಾರುಗಳು ಬಡವಾಗುವುದಕ್ಕೆ ಮುಖ್ಯ ಕಾರಣ ಇದೇ. ದೂರದಿಂದಲೇ ದೀಪವನ್ನು ಗಮನಿಸಿ, ವೇಗವರ್ಧಕದಿಂದ ಕಾಲನ್ನು ತೆಗೆದು, ಕಾರು ತಾನಾಗಿ ನಿಧಾನವಾಗುವಂತೆ ಬಿಡುವ ಚಾಲಕನು ಈ ಚಮಚೆಗಳಲ್ಲಿ ಒಂದಿಷ್ಟನ್ನು ಉಳಿಸಿಕೊಳ್ಳುತ್ತಾನೆ.

ಹೆದ್ದಾರಿಯಲ್ಲಿ ಬ್ರೇಕಿನ ಕಾಟವಿಲ್ಲ. ಅಲ್ಲಿ ಗಾಳಿಯೇ ಎದುರಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದವನು 100ಕ್ಕೆ ಏರಿಸಿದರೆ ತಡೆಯು ಒಂದೂವರೆ ಪಟ್ಟಿಗೂ ಮೀರುತ್ತದೆ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ, ಅಮೆರಿಕವು ಮರುವರ್ಷದಲ್ಲಿಯೇ ದೇಶಾದ್ಯಂತ ವೇಗಮಿತಿಯನ್ನು ಗಂಟೆಗೆ 55 ಮೈಲಿಗೆ, ಎಂದರೆ ಸುಮಾರು 88 ಕಿಲೋಮೀಟರಿಗೆ ಇಳಿಸಿದುದರ ಹಿನ್ನೆಲೆ ಇದು. ಕಾರಿನ ತಲೆಯ ಮೇಲೆ ಹಾಸಿಗೆ, ಪೆಟ್ಟಿಗೆಗಳನ್ನು ಕಟ್ಟಿಕೊಂಡು ತೀರ್ಥಯಾತ್ರೆಗೆ ಹೊರಡುವವರು ಈ ತಡೆಯನ್ನು ತಾವಾಗಿಯೇ ಹೆಚ್ಚಿಸಿಕೊಳ್ಳುತ್ತಾರೆ. ಮನೆಯಿಂದ ಮಾರುಕಟ್ಟೆಗೆಂದು ಎರಡೇ ಕಿಲೋಮೀಟರ್ ಓಡಿಸುವುದು ಇನ್ನೊಂದು ಬಗೆಯ ದುಂದು. ತಣ್ಣಗಿರುವ ಎಂಜಿನ್ನಿನಲ್ಲಿ ಎಣ್ಣೆ ಮಂದವಾಗಿರುತ್ತದೆ, ಪೆಟ್ರೋಲ್ ಹೆಚ್ಚು ಸೇರಬೇಕಾಗುತ್ತದೆ. ಅದು ಹದವಾಗಿ ಬಿಸಿಯಾಗುವ ಹೊತ್ತಿಗೆ ಕಾಯಿಪಲ್ಲೆಯ ಅಂಗಡಿ ಬಂದಿರುತ್ತದೆ. ಟಯರಿನಲ್ಲಿ ಗಾಳಿ ಕಡಿಮೆಯಾದರೂ ಹೀಗೆಯೇ.

ನಮ್ಮ ಬೀದಿಯ ನಿವೃತ್ತ ಗುಮಾಸ್ತರೊಬ್ಬರು ಕಾರು ಕೊಂಡ ಎರಡನೆಯ ತಿಂಗಳಲ್ಲಿ ಅಂಗಡಿಗೆ ಹೋಗಿ ಜಗಳವಾಡಿ ಬಂದರು. “ಯಜಮಾನರೇ, ತಮಗೆ ಓಡಿಸಲು ಬರುವುದಿಲ್ಲ” ಎಂದು ಅಲ್ಲಿಯವರು ನಯವಾಗಿ ಹೇಳಿದರಂತೆ. ಮನುಷ್ಯರು ಛಲಗಾರರು. ಮರುದಿನವೇ ಒಂದು ನೋಟುಪುಸ್ತಕವನ್ನು ಕಾರಿನಲ್ಲಿಟ್ಟರು. ಅವರ ಕ್ರಮ ಸರಳವಾದುದು: ಬಂಕಿನಲ್ಲಿ ಟ್ಯಾಂಕು ತುಂಬಿಸಿ ದೂರಸೂಚಕದ ಅಂಕಿಯನ್ನು ಬರೆದುಕೊಳ್ಳುವುದು, ಮುಕ್ಕಾಲು ಟ್ಯಾಂಕು ಖರ್ಚಾದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಓಡಿದ ದೂರವನ್ನು ಈಗ ಹಾಕಿದ ಲೀಟರುಗಳಿಂದ ಭಾಗಿಸುವುದು. ಸ್ವಲ್ಪ ಓಡಿಸಿ ಸ್ವಲ್ಪ ತುಂಬಿಸಿದರೆ ಲೆಕ್ಕ ಕೆಡುತ್ತದೆ. ತುಂಬಿತೆಂದು ಪಂಪು ನಿಲ್ಲುವ ಮಟ್ಟದಲ್ಲಿ ಒಂದು ಲೀಟರಿನ ವ್ಯತ್ಯಾಸ ಬಂದರೆ, ಹತ್ತು ಲೀಟರಿನಲ್ಲಿ ಅದು ನೂರಕ್ಕೆ ಹತ್ತರ ತಪ್ಪು. ಮೂವತ್ತು ಲೀಟರಿನಲ್ಲಿ ನೂರಕ್ಕೆ ಮೂರು ಚಿಲ್ಲರೆ ಮಾತ್ರ.

ಸರಾಸರಿ ತೆಗೆಯುವಾಗಲೂ ಎಚ್ಚರ ಬೇಕು. ಘಟ್ಟವನ್ನು ಏರುವಾಗ ಕಾರು ಲೀಟರಿಗೆ 10, ಇಳಿಯುವಾಗ 20 ಕಿಲೋಮೀಟರ್ ಕೊಟ್ಟಿತೆಂದರೆ ಸರಾಸರಿ 15 ಎಂದು ಥಟ್ಟನೆ ಹೇಳಿಬಿಡುತ್ತೇವೆ. ಲೆಕ್ಕ ಹಾಕಿ ನೋಡಿ: ಘಟ್ಟದ ದಾರಿ 20 ಕಿಲೋಮೀಟರ್ ಆದರೆ ಏರಲು 2 ಲೀಟರ್, ಇಳಿಯಲು 1 ಲೀಟರ್. ಒಟ್ಟು 40 ಕಿಲೋಮೀಟರಿಗೆ 3 ಲೀಟರ್. ಲೀಟರಿಗೆ 13 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಳಿಜಾರಿನಲ್ಲಿ ಉಳಿಸಿದುದು ಏರಿನಲ್ಲಿ ಕಳೆದುದಕ್ಕೆ ಎಂದೂ ಸಮನಾಗುವುದಿಲ್ಲ.

ಗುಮಾಸ್ತರ ಪುಸ್ತಕದಲ್ಲಿ ಪೇಟೆಯ ತಿಂಗಳುಗಳಿಗೂ ಊರಿನ ಪ್ರಯಾಣಗಳಿಗೂ ಬೇರೆಬೇರೆ ಪುಟಗಳಿವೆ. ಇತ್ತೀಚೆಗೆ ಅವರು ಮತ್ತೊಂದು ಪುಟವನ್ನು ತೆರೆಯಬೇಕಾಯಿತು. ನೂರಕ್ಕೆ 20 ಭಾಗ ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟವನ್ನು 2023ರ ಫೆಬ್ರವರಿಯಲ್ಲಿ ಪ್ರಧಾನಿಯವರು ಬೆಂಗಳೂರಿನಲ್ಲಿಯೇ ಉದ್ಘಾಟಿಸಿದರು. ಕಬ್ಬು ಮತ್ತು ಧಾನ್ಯಗಳಿಂದ ಪಡೆಯುವ ಈ ದ್ರವದಿಂದ ತೈಲದ ಆಮದು ತಗ್ಗುತ್ತದೆ; ನಮಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಹೊರದೇಶಗಳಿಂದ ಬರುವುದರಿಂದ ಅದು ಗಣನೀಯ ಲಾಭವೇ ಸರಿ. ಆದರೆ ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಶಕ್ತಿಯ ಸುಮಾರು ಮೂರನೆಯ ಎರಡು ಭಾಗ ಮಾತ್ರ. ಆದುದರಿಂದ ಮಿಶ್ರಣದ ಪ್ರತಿ ಲೀಟರಿನಲ್ಲಿಯೂ ಶಕ್ತಿ ನೂರಕ್ಕೆ ಆರೇಳರಷ್ಟು ಕಡಿಮೆ. ಮೈಲೇಜು ತುಸು ಇಳಿದುದಕ್ಕೆ ಚಾಲಕನನ್ನೋ ಕಾರನ್ನೋ ದೂರುವ ಮೊದಲು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯುರೋಪಿನವರು ಲೀಟರಿಗೆ ಎಷ್ಟು ದೂರವೆಂದು ಕೇಳುವುದಿಲ್ಲ; ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಕೇಳುತ್ತಾರೆ. ತಿರುಗುಮುರುಗಾದ ಈ ಪ್ರಶ್ನೆಯಲ್ಲಿ ಒಂದು ಜಾಣ್ಮೆಯಿದೆ. ಲೀಟರಿಗೆ 20 ಕೊಡುವ ಕಾರನ್ನು ಮಾರಿ 25 ಕೊಡುವುದನ್ನು ತಂದರೆ ನೂರು ಕಿಲೋಮೀಟರಿಗೆ ಉಳಿಯುವುದು ಒಂದು ಲೀಟರ್. ಲೀಟರಿಗೆ 10 ಕೊಡುತ್ತಿದ್ದ ಹಳೆಯ ಕಾರಿನ ಬದಲು ಹನ್ನೆರಡೂವರೆ ಕೊಡುವುದನ್ನು ತಂದರೆ ಉಳಿಯುವುದು ಎರಡು ಲೀಟರ್. ಐದರ ಏರಿಕೆ ಎರಡೂವರೆಯ ಏರಿಕೆಗಿಂತ ದೊಡ್ಡದಾಗಿ ಕಂಡರೂ ಹಣ ಉಳಿಯುವುದು ಎರಡನೆಯ ಮನೆಯಲ್ಲಿ. ಗುಮಾಸ್ತರು ಈಗ ತಮ್ಮ ಪುಸ್ತಕದ ಬಲಬದಿಯಲ್ಲಿ ಈ ಲೆಕ್ಕಕ್ಕೂ ಒಂದು ಕಂಬಸಾಲನ್ನು ಎಳೆದುಕೊಂಡಿದ್ದಾರೆ.