ಓಕ್ ಬಾಗಿಲು, ಬೇವಿನ ತೊಲೆ

ಪ್ರಶ್ನೆ: ಹೊಸ ಮನೆಗೆ ಬಾಗಿಲು ಮಾಡಿಸಬೇಕು. ಟಿಂಬರ್ ಡಿಪೋದವರು ‘ಓಕ್ ಹಾಕಿಸಿ, ತೇಗಕ್ಕಿಂತ ಅಗ್ಗ, ತಲೆಮಾರು ಬಾಳುತ್ತೆ’ ಅನ್ನುತ್ತಾರೆ. ನಮ್ಮಲ್ಲಿ ಗೆದ್ದಲು ಬಹಳ. ದುಡ್ಡು ಮಣ್ಣುಪಾಲಾದೀತೆಂಬ ಭಯ.
– ರೈತರೊಬ್ಬರು, ಗಾದಿಗನೂರು

ಉತ್ತರ: ಕೊಳ್ಳುವ ಮೊದಲೇ ಕೇಳಿದ್ದೀರಿ, ಒಳ್ಳೆಯದಾಯಿತು. ಇನ್ನೂ ಏನೂ ಕೈಮೀರಿಲ್ಲ.

ಬಾಳಿಕೆಗೆ ಹೆಸರಾದದ್ದು ಅಮೆರಿಕದ ಬಿಳಿ ಓಕ್. ಅದರ ಚೇಗಿನಲ್ಲಿ (ಕಾಂಡದ ಒಳಗಿನ, ಬಲಿತು ಬಣ್ಣ ತಿರುಗಿದ ಭಾಗ) ನೀರು ಸಾಗಿಸುವ ನಾಳಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹಡಗಿಗೂ ಮದ್ಯದ ಪೀಪಾಯಿಗೂ ಅದನ್ನು ಆರಿಸಿಕೊಂಡದ್ದು ಇದಕ್ಕೇ. ಆದರೆ ಅದು ಹೊರದೇಶದಿಂದ ಬರಬೇಕಾದ ಮರ. ಅಗ್ಗದ ದರ ಹೇಳಿದರೆ ನಿಮಗೆ ತೋರಿಸುತ್ತಿರುವುದು ಬಹುಶಃ ಸಿಲ್ವರ್ ಓಕ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು, ಮೆಣಸಿನ ಬಳ್ಳಿ ಹಬ್ಬಿಸಲೆಂದು ಬೆಳೆಸುವ ಆಸ್ಟ್ರೇಲಿಯಾ ಮೂಲದ ಮರವದು. ಓಕ್ ಕುಲಕ್ಕೇ ಸೇರಿದ್ದಲ್ಲ. ಕೊಯ್ದ ಹಲಗೆಯ ಮೇಲೆ ಎರಡರಲ್ಲೂ ಹೊಳೆಯುವ ಚಿತ್ತಾರ ಕಾಣುವುದರಿಂದ ನೋಡಿದವರು ಮೋಸಹೋಗುತ್ತಾರೆ. ಪ್ಲೈವುಡ್ಡಿಗೆ, ಪೆಟ್ಟಿಗೆಗೆ ಅದು ಸರಿ. ಮಳೆಬಿಸಿಲಿಗೆ ನಿಲ್ಲುವ ಹೆಬ್ಬಾಗಿಲಿಗೆ ಬೇಡ.

ಗೆದ್ದಲಿನ ಅಂಜಿಕೆಯಿದ್ದರೆ ತೇಗ ಅಥವಾ ಹೊನ್ನೆಯ ಚೇಗನ್ನೇ ಕೇಳಿ. ತೇಗವಾದರೂ ಅಂಚಿನ ಬಿಳಿ ಭಾಗವನ್ನು ಹುಳು ತಿನ್ನುತ್ತದೆ, ಅದನ್ನು ಕೊಯ್ದು ತೆಗೆಸಿ. ಚೌಕಟ್ಟಿನ ಕಾಲು ಮಣ್ಣಿಗೆ ತಾಗದೆ ಕಲ್ಲಿನ ಮೇಲೆ ಕೂರಲಿ. ಬಿಲ್ಲಿನಲ್ಲಿ ಮರದ ಹೆಸರು ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮದು ಹಳೆಯ ಮಾಳಿಗೆ ಮನೆ. ಬೇವಿನ ತೊಲೆಯಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ. ಮಕ್ಕಳು ಅದರ ಕೆಳಗೇ ಮಲಗುತ್ತಾರೆ.
– ಗೃಹಿಣಿ, ಸಂಡೂರು

ಉತ್ತರ: ತಾಯಿಯಾಗಿ ನಿಮ್ಮ ಆತಂಕ ಸಹಜ. ಪುಡಿ ಉದುರಿದ ತೊಲೆಯೆಲ್ಲ ಮುರಿದು ಬೀಳುವುದಿಲ್ಲ. ಆದರೂ ಇವತ್ತು ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿ.

ಇಂಥ ಪುಡಿ ಉದುರಿಸುವ ಕುಟ್ಟೆ ಹುಳು ಸಾಮಾನ್ಯವಾಗಿ ಹೊರಗಿನ ಬಿಳಿ ಭಾಗವನ್ನು ತಿಂದು ಚೇಗಿನ ಹತ್ತಿರ ನಿಲ್ಲುತ್ತದೆ. ಬಡಗಿಯನ್ನು ಕರೆಸಿ, ಮೊದಲು ತೊಲೆಗೆ ಆಸರೆ ಕೊಡಿಸಿ. ಆಮೇಲೆ ದಬ್ಬಣದಿಂದ ಚುಚ್ಚಿಸಿ ನೋಡಿ. ಮುಖ್ಯವಾಗಿ ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗ. ಸೋರಿದ ನೀರು ಅಲ್ಲೇ ನಿಲ್ಲುವುದು. ದಬ್ಬಣ ಸಲೀಸಾಗಿ ಆಳಕ್ಕೆ ಇಳಿದರೆ ತೊಲೆ ಬದಲಿಸಬೇಕು. ತಡೆದು ನಿಂತರೆ ಮೆತ್ತಗಾದ ಪದರ ಕೆತ್ತಿಸಿ, ಬೋರಾಕ್ಸ್ (ಬಿಳಿಗಾರ) ಬೆರೆಸಿದ ಔಷಧಿ ಬಳಿಸಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಚೌಳು ಮಣ್ಣು ಹಾಕಿಸಿ ಸೋರುವುದನ್ನು ನಿಲ್ಲಿಸಿ. ಮರ ಒಣಗಿದ್ದರೆ ಕೊಳೆ ಹಿಡಿಯದು.

ಪ್ರಶ್ನೆ: ಬಿಳಿ ಓಕ್ ಅನ್ನು ನಮ್ಮ ಬದುವಿನಲ್ಲಿ ನೆಡಬಹುದೇ?
– ಕಂಪ್ಲಿ

ಉತ್ತರ: ಅದು ಹಿಮ ಬೀಳುವ ಚಳಿಯ ಸೀಮೆಯ ಮರ, ನಮ್ಮ ಬೇಸಿಗೆಯಲ್ಲಿ ಏಳಿಗೆಯಾಗದು. ನಿರಾಶರಾಗಬೇಡಿ, ಒಣ ಸೀಮೆಯ ಕಮರ ನೆಡಿ. ಅದರ ಚೇಗು ನೀರಿನಲ್ಲಿ ಮುಳುಗುವಷ್ಟು ಭಾರ, ಸೊಪ್ಪು ದನಕ್ಕೆ ಮೇವು. ತಾಯಿಬೇರು ಬಲು ಬೇಗ ಆಳಕ್ಕಿಳಿಯುವುದರಿಂದ ಸಸಿ ಕಿತ್ತು ನೆಟ್ಟರೆ ಸೊರಗುತ್ತದೆ. ಮುಂಗಾರು ಹಿಡಿದ ಮೇಲೆ ಬೀಜವನ್ನೇ ಬದುವಿಗೆ ಊರಿ, ಮೊದಲ ವರ್ಷಗಳಲ್ಲಿ ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟಿ.